ವಂಶಾವಳಿಯೂ ಡಿ.ಎನ್.ಎ. ಪರೀಕ್ಷೆಯೂ

ನದೀಮೂಲವನ್ನೂ ಋಷಿಮೂಲವನ್ನೂ ಹುಡುಕಬಾರದೆಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಹೀಗೆ ಹೇಳಿದ ಹಿರಿಯರೇ ಮದುವೆಯ ಮಾತು ಬಂದೊಡನೆ ಗೋತ್ರವೇನು, ಪ್ರವರವೇನು, ಬೆಡಗು ಯಾವುದು, ಬಳಿ ಯಾವುದು ಎಂದು ಮೊಟ್ಟಮೊದಲು ವಿಚಾರಿಸಿದರು; ಶ್ರಾದ್ಧದ ದಿನ ಮೂರು ತಲೆಯವರ ಹೆಸರನ್ನು ತಪ್ಪಿಲ್ಲದೆ ಹೇಳಿಸಿದರು. ಮೂಲವನ್ನು ತಿಳಿಯಬೇಕೆಂಬ ಬಯಕೆಯೂ ಅದನ್ನು ಕೆದಕಬಾರದೆಂಬ ಅಂಜಿಕೆಯೂ ಹೀಗೆ ಒಂದೇ ಸೂರಿನ ಕೆಳಗೆ ಬಹುಕಾಲದಿಂದ ಬಾಳಿಕೊಂಡು ಬಂದಿವೆ.

ಈಗ ಆ ಬಯಕೆಗೆ ಹೊಸದೊಂದು ಉಪಕರಣ ಒದಗಿದೆ. ಸಣ್ಣದೊಂದು ನಳಿಗೆಯಲ್ಲಿ ಎಂಜಲನ್ನು ತುಂಬಿ ಅಂಚೆಯಲ್ಲಿ ಕಳುಹಿಸಿದರೆ, ಕೆಲವು ವಾರಗಳಲ್ಲಿ ನಮ್ಮ ಪೂರ್ವಿಕರು ಯಾವ ಯಾವ ಸೀಮೆಯವರು, ನಾವು ಕಂಡರಿಯದ ನಂಟರು ಎಲ್ಲೆಲ್ಲಿದ್ದಾರೆ ಎಂಬ ಪಟ್ಟಿ ಕೈಸೇರುತ್ತದೆ. ಎಂಜಲು ಮುಟ್ಟಿದರೆ ಕೈತೊಳೆಯುವ ನಮಗೆ ಅದೇ ಎಂಜಲು ಕುಲದ ಸಾಕ್ಷಿಯಾಗಿ ಬಂದು ನಿಂತಿರುವುದು ಕಾಲದ ವಿನೋದವೆಂದೇ ಹೇಳಬೇಕು. ಹೊರದೇಶಗಳಲ್ಲಿ ನೆಲಸಿದ ಮಕ್ಕಳೂ ಮೊಮ್ಮಕ್ಕಳೂ ಈ ಪರೀಕ್ಷೆಯನ್ನು ಮಾಡಿಸಿಕೊಂಡು ಅದರ ಫಲವನ್ನು ಊರಿನ ಹಿರಿಯರಿಗೆ ಓದಿಹೇಳುವ ಕಾಲ ಬಂದಿದೆ. ಆದಕಾರಣ ಗೃಹಸ್ಥರಾದವರು ಇದರ ಬಲವೆಷ್ಟು, ಮಿತಿಯೆಷ್ಟು ಎಂಬುದನ್ನು ತಕ್ಕಮಟ್ಟಿಗೆ ತಿಳಿದಿರುವುದು ಒಳ್ಳೆಯದೆಂದು ಈ ಕೆಲವು ಮಾತುಗಳನ್ನು ವಾಚಕರ ಮುಂದಿಡುತ್ತೇನೆ.

ಸಪಿಂಡರೆಂದರೆ ಯಾರು?

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು ೧೦೭೬ರಿಂದ ೧೧೨೬ರ ವರೆಗೆ ಆಳಿದನು. ಆತನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಕನ್ನಡನಾಡಿನ ರಾಜಧಾನಿಯಲ್ಲಿ ಹುಟ್ಟಿದ ಈ ಗ್ರಂಥವು ಭರತಖಂಡದ ಬಹುಭಾಗಕ್ಕೆ ದಾಯಧರ್ಮದಲ್ಲಿ ಪ್ರಮಾಣವಾಯಿತೆಂಬುದು ಸರ್ವವಿದಿತವಾದ ಸಂಗತಿ. ‘ಸಪಿಂಡ’ ಎಂಬ ಮಾತಿಗೆ ಆತನು ಕೊಟ್ಟ ಅರ್ಥವು ನಮ್ಮ ಇಂದಿನ ವಿಷಯಕ್ಕೆ ಬಹಳ ಹತ್ತಿರವಾಗಿದೆ.

ಪಿಂಡವೆಂದರೆ ಶ್ರಾದ್ಧದಲ್ಲಿ ಇಡುವ ಅನ್ನದ ಉಂಡೆಯೆಂದು ನಾವೆಲ್ಲರೂ ಬಲ್ಲೆವು. ವಂಗದೇಶದ ಜೀಮೂತವಾಹನನು ‘ದಾಯಭಾಗ’ವೆಂಬ ತನ್ನ ಗ್ರಂಥದಲ್ಲಿ ಈ ಅರ್ಥವನ್ನೇ ಹಿಡಿದು, ಪಿಂಡಪ್ರದಾನದ ಸಂಬಂಧದಿಂದಲೇ ದಾಯದ ಹಕ್ಕನ್ನು ನಿರ್ಣಯಿಸಿದನು. ವಿಜ್ಞಾನೇಶ್ವರನಾದರೋ ಪಿಂಡವೆಂದರೆ ದೇಹವೆಂದು ತಿಳಿದನು. ತಂದೆಯ ಶರೀರದ ಅಂಶಗಳು ಮಗನಲ್ಲಿ ಮುಂದುವರಿಯುತ್ತವೆ. ತಂದೆಯ ಮೂಲಕ ತಾತನವೂ, ತಾಯಿಯ ಮೂಲಕ ಮಾತಾಮಹನವೂ ಬಂದು ಸೇರುತ್ತವೆ. ಹೀಗೆ ಒಂದೇ ಶರೀರದ ಅಂಶಗಳನ್ನು ಹಂಚಿಕೊಂಡವರೇ ಸಪಿಂಡರು ಎಂಬುದು ಆತನ ನಿರ್ಣಯ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಹೇಳಿದ ಈ ಮಾತು ಇಂದಿನ ಜೀವಶಾಸ್ತ್ರವೆಂದು ನಾನು ವಾದಿಸುವುದಿಲ್ಲ. ಹಾಗೆ ವಾದಿಸಿದರೆ ಆತನಿಗೂ ನ್ಯಾಯವಾಗದು, ಶಾಸ್ತ್ರಕ್ಕೂ ನ್ಯಾಯವಾಗದು. ಆದರೆ ಪ್ರಶ್ನೆಯನ್ನು ಆತನು ಸರಿಯಾಗಿ ಬಿಡಿಸಿಟ್ಟನೆಂಬುದರಲ್ಲಿ ಸಂದೇಹವಿಲ್ಲ.

ಆತನೇ ಇನ್ನೊಂದು ಆಕ್ಷೇಪವನ್ನೂ ಎತ್ತಿಕೊಂಡನು. ಸಂಸಾರವು ಅನಾದಿಯಾದುದರಿಂದ ಹೀಗೆ ಲೆಕ್ಕ ಹಾಕುತ್ತ ಹೋದರೆ ಎಲ್ಲರೂ ಎಲ್ಲರಿಗೂ ಹೇಗಾದರೊಂದು ಬಗೆಯಲ್ಲಿ ಸಪಿಂಡರಾಗಿಬಿಡುವರಲ್ಲವೆ? ಆದುದರಿಂದಲೇ ತಂದೆಯ ಕಡೆಯಿಂದ ಏಳು ತಲೆ, ತಾಯಿಯ ಕಡೆಯಿಂದ ಐದು ತಲೆ ಎಂದು ಸ್ಮೃತಿಯು ಎಲ್ಲೆ ಹಾಕಿತೆಂದು ಸಮಾಧಾನ ಹೇಳಿದನು. ೧೯೫೫ರ ಹಿಂದೂ ವಿವಾಹ ಶಾಸನವು ಈ ಎಲ್ಲೆಯನ್ನು ಐದಕ್ಕೂ ಮೂರಕ್ಕೂ ಇಳಿಸಿ, ರೂಢಿಯಲ್ಲಿರುವ ಸೋದರಿಕೆಗೆ ಎಡೆಗೊಟ್ಟಿದೆ.

ವಂಶವೆಂಬ ಒಂದೇ ಮಾತಿನೊಳಗೆ ಹೀಗೆ ಎರಡು ನಂಟುಗಳು ಹೆಣೆದುಕೊಂಡಿವೆ. ಒಂದು ದೇಹದ ನಂಟು. ಇನ್ನೊಂದು ಮನೆಯ ನಂಟು, ಎಂದರೆ ಹೆಸರು, ಅನ್ನ, ಋಣ, ಕರ್ತವ್ಯಗಳ ನಂಟು. ಬಹುಮಟ್ಟಿಗೆ ಎರಡೂ ಒಂದೇ ದಾರಿಯಲ್ಲಿ ನಡೆಯುತ್ತವೆಯಾದರೂ ಎಲ್ಲ ಕಡೆಯಲ್ಲಿಯೂ ಅಲ್ಲ. ಡಿ.ಎನ್.ಎ. ಪರೀಕ್ಷೆಯು ಮೊದಲನೆಯದಕ್ಕೆ ಮಾತ್ರ ಸಾಕ್ಷಿ. ಎರಡನೆಯದರ ಸಾಕ್ಷಿಯು ಹಿರಿಯರ ನೆನಪಿನಲ್ಲಿಯೂ ಹಳೆಯ ಕಾಗದಗಳಲ್ಲಿಯೂ ಇರುತ್ತದೆ. ಯಾವ ಸಾಕ್ಷಿಯನ್ನು ಯಾವ ಪ್ರಶ್ನೆಗೆ ಕರೆಯಬೇಕೆಂಬ ವಿವೇಕವೇ ಈ ವಿಷಯದಲ್ಲಿ ಮುಖ್ಯವಾದುದು.

ಬಾಯಲ್ಲಿ ಉಳಿದದ್ದು, ಬರಹದಲ್ಲಿ ಉಳಿದದ್ದು

ಮೊದಲು ಬಾಯಿಮಾತಿನ ವಿಚಾರ. ಕ್ರಮವಾಗಿ ತರ್ಪಣ ಕೊಡುವ ಮನೆಗಳಲ್ಲಿ ಹನ್ನೆರಡು ಹೆಸರುಗಳು ಬಾಯಿಪಾಠವಾಗಿರುತ್ತವೆ: ತಂದೆ, ತಾತ, ಮುತ್ತಾತ, ತಾಯಿ, ತಂದೆಯ ತಾಯಿ, ತಾತನ ತಾಯಿ, ಹಾಗೆಯೇ ತಾಯಿಯ ಕಡೆಯಿಂದ ಮಾತಾಮಹನೇ ಮೊದಲಾದ ಮೂವರು ಗಂಡಸರು, ಮಾತಾಮಹಿಯೇ ಮೊದಲಾದ ಮೂವರು ಹೆಂಗಸರು. ಇದೊಂದು ಚಿಕ್ಕ ವಂಶವೃಕ್ಷವೇ ಸರಿ. ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಾತಾಮಹಿಯ ಹಿಂದೆ ಬರುವವರು ಆಕೆಯ ಅತ್ತೆ, ಆ ಅತ್ತೆಯ ಅತ್ತೆ, ಆಕೆಯ ತಾಯಿಯಲ್ಲ. ತಾಯಿ, ತಾಯಿಯ ತಾಯಿ, ಆಕೆಯ ತಾಯಿ ಎಂದು ಹೆಣ್ಣಿನಿಂದ ಹೆಣ್ಣಿಗೆ ಏರಿಹೋಗುವ ಸಾಲು ಎರಡನೆಯ ಮೆಟ್ಟಿಲಿಗೇ ನಿಂತುಹೋಗುತ್ತದೆ. ಮಗಳು ಹೊಸ್ತಿಲು ದಾಟಿದೊಡನೆ ಗೋತ್ರ ಬದಲಾಗುವ ಮನೆಗಳಲ್ಲಿ ಆ ಸಾಲನ್ನು ಹಿಡಿದಿಡುವ ಹೊಣೆ ಯಾರಿಗೂ ಸೇರಲಿಲ್ಲ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಮಾತ್ರ ಬಳಿಯು ತಾಯಿಯಿಂದ ಮಕ್ಕಳಿಗೆ ಬರುವುದರಿಂದ ಈ ಸಾಲಿಗೆ ಹೆಸರೂ ಮಾನವೂ ಉಳಿದವು.

ಉತ್ತರ ಕರ್ನಾಟಕದಲ್ಲಿ ಹೆಳವರೆಂಬ ಜನರಿದ್ದಾರೆ. ಎತ್ತನ್ನೇರಿ, ಗಂಟೆ ಬಾರಿಸುತ್ತ, ವರ್ಷಕ್ಕೋ ಕೆಲವು ವರ್ಷಗಳಿಗೋ ಒಮ್ಮೆ ಒಕ್ಕಲುಮನೆಗಳ ಬಾಗಿಲಿಗೆ ಬಂದು, ಆ ಮನೆಯ ಮೂಲಪುರುಷನು ಯಾವ ಊರಿನಿಂದ ಬಂದನು, ಆತನಿಗೆ ಮಕ್ಕಳೆಷ್ಟು, ಯಾವ ಮಗನು ಯಾವ ಊರಿಗೆ ಒಡೆದುಹೋದನು ಎಂಬುದನ್ನು ರಾಗವಾಗಿ ಹೇಳಿ, ಕಾಳುಕಡಿ ಪಡೆದು ಹೋಗುವುದು ಅವರ ವೃತ್ತಿ. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ತಮ್ಮ ಹೊತ್ತಗೆಗಳಲ್ಲಿ ಸೇರಿಸಿಕೊಳ್ಳುವರು. ಅಕ್ಷರವಿಲ್ಲದ ಎಷ್ಟೋ ಮನೆಗಳಿಗೆ ಇವರೇ ಇತಿಹಾಸಕಾರರಾಗಿದ್ದರು. ಹರಿದ್ವಾರದ ಪಂಡರು ಇಟ್ಟಿರುವ ಬಹಿಗಳೂ ಇಂಥವೇ. ಅಲ್ಲಿ ಯಾತ್ರಿಕನ ಮೂಲಸ್ಥಳವನ್ನೂ ಜಾತಿಯನ್ನೂ ಹೇಳಿದರೆ, ಆ ಸೀಮೆಯ ಬಹಿಯನ್ನು ಇಟ್ಟುಕೊಂಡಿರುವ ಪಂಡನು ಮುತ್ತಾತನ ಕಾಲದ ಬರವಣಿಗೆಯನ್ನು ತೆಗೆದು ತೋರಿಸುವುದುಂಟು. ಅಮೆರಿಕದ ಯೂಟಾ ಪ್ರಾಂತದ ವಂಶಶೋಧನ ಸಂಸ್ಥೆಯವರು ಈ ಬಹಿಗಳ ಛಾಯಾಪ್ರತಿಗಳನ್ನು ತೆಗೆದಿರಿಸಿದ್ದಾರೆ. ಕಾಶಿ ಗಯೆಗಳಿಗೆ ಹೋದ ಹಿರಿಯರಿದ್ದರೆ ಅಲ್ಲಿಯ ತೀರ್ಥಪುರೋಹಿತರ ಪುಸ್ತಕಗಳನ್ನೂ ವಿಚಾರಿಸಬಹುದು.

ಇನ್ನು ಮನೆಯ ಪೆಟ್ಟಿಗೆಗೆ ಬರೋಣ. ಪಾಲುಪಟ್ಟಿ, ಕ್ರಯಪತ್ರ, ಇನಾಮಿನ ಸನದು, ಜಾತಕಗಳ ಕಟ್ಟು, ಮದುವೆಯ ಲಗ್ನಪತ್ರಿಕೆ, ಹಳೆಯ ಪಂಚಾಂಗದ ಅಂಚಿನಲ್ಲಿ ಗೀಚಿದ ಜನನಮರಣದ ತಿಥಿ, ಇವೆಲ್ಲವೂ ಸಾಕ್ಷಿಗಳೇ. ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಟ್ಟೆಗೆ ಹಚ್ಚಿ ಒಣಗಿಸಿ, ಬಳಪದಿಂದ ಬರೆಯುತ್ತಿದ್ದ ಕಡತಗಳು ಕೆಲವು ಶಾನುಭೋಗರ ಮನೆಗಳಲ್ಲಿ ಇನ್ನೂ ಉಳಿದಿವೆ. ಬಿ. ಎಲ್. ರೈಸ್ ಅವರು ೧೮೮೬ರಿಂದ ಪ್ರಕಟಿಸತೊಡಗಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅಗ್ರಹಾರದ ತಾಮ್ರಶಾಸನಗಳು ಅನೇಕವಿದ್ದು, ಅವುಗಳಲ್ಲಿ ವೃತ್ತಿವಂತರ ಹೆಸರು, ತಂದೆಯ ಹೆಸರು, ಗೋತ್ರಸೂತ್ರಗಳು ಸಾಲಾಗಿ ಬರುತ್ತವೆ. ಇಂದಿಗೂ ನಾಡಕಚೇರಿಯಲ್ಲಿ ವಂಶವೃಕ್ಷದ ಪ್ರಮಾಣಪತ್ರವನ್ನು ಕೊಡುತ್ತಾರೆ. ಶಾಲೆಯ ದಾಖಲಾತಿ ಪುಸ್ತಕವೂ ಉಪಯುಕ್ತವೇ. ಆದರೆ ಹಿಂದಿನ ಕಾಲದಲ್ಲಿ ಮಗುವನ್ನು ಕರೆತಂದವರಿಗೆ ತಿಥಿ ನೆನಪಿಲ್ಲದಿದ್ದರೆ ಮೇಷ್ಟರೇ ಅಂದಾಜಿನಿಂದ ಜೂನ್ ತಿಂಗಳ ಒಂದು ದಿನವನ್ನು ಬರೆದುಕೊಳ್ಳುತ್ತಿದ್ದುದುಂಟು. ಆದುದರಿಂದ ಅಲ್ಲಿಯ ತಂದೆಯ ಹೆಸರನ್ನೂ ಊರನ್ನೂ ನಂಬಿರಿ. ಹುಟ್ಟಿದ ದಿನವನ್ನು ಬೇರೆ ಸಾಕ್ಷಿಯೊಡನೆ ಒರೆಹಚ್ಚಿರಿ.

ದೇಹದೊಳಗಣ ಲಿಪಿ

ನಮ್ಮ ಜೀವಕೋಶದೊಳಗೆ ೨೩ ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಂದೆಯದು, ಒಂದು ತಾಯಿಯದು. ಡಿ.ಎನ್.ಎ. ಎಂಬ ವಸ್ತುವಿನಿಂದಾದ ಈ ತಂತುಗಳಲ್ಲಿ ನಾಲ್ಕೇ ಅಕ್ಷರಗಳ ಲಿಪಿಯೊಂದು ಬರೆಯಲ್ಪಟ್ಟಿದೆಯೆಂದು ಭಾವಿಸಬಹುದು. ತಂದೆಯಿಂದ ಬಂದ ಪ್ರತಿಯಲ್ಲಿ ಸುಮಾರು ೩೦೦ ಕೋಟಿ ಅಕ್ಷರಗಳು, ತಾಯಿಯಿಂದ ಬಂದುದರಲ್ಲಿ ಸುಮಾರು ಅಷ್ಟೇ. ಹಳೆಯ ಓಲೆಗರಿಯನ್ನು ನೋಡಿ ಹೊಸ ಗರಿಗೆ ಬರೆಯುವಾಗ ಲಿಪಿಕಾರನ ಕೈಯಿಂದ ಎಲ್ಲಿಯೋ ಒಂದು ಅಕ್ಷರ ಬದಲಾದರೆ, ಆ ಪ್ರತಿಯಿಂದ ಇಳಿದ ಪ್ರತಿಗಳೆಲ್ಲದರಲ್ಲಿಯೂ ಅದೇ ಪಾಠಾಂತರ ಕಾಣುವುದಷ್ಟೆ. ಸಂಪಾದಕರು ಪಾಠಾಂತರಗಳನ್ನು ಹೋಲಿಸಿ, ಯಾವ ಪ್ರತಿ ಯಾವುದರ ಸಂತತಿಯೆಂದು ಕಂಡುಹಿಡಿಯುವರು. ಡಿ.ಎನ್.ಎ. ಪರೀಕ್ಷಕರು ಮಾಡುವುದೂ ಇದನ್ನೇ.

ಈ ಪರೀಕ್ಷೆಯಲ್ಲಿ ಮೂರು ಬಗೆಗಳುಂಟು. ‘ವೈ’ ಎಂಬ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಇಳಿಯುತ್ತದೆ. ಇದು ಗಂಡಿನ ಸಾಲನ್ನು ಹೇಳುತ್ತದೆ. ಜೀವಕೋಶದಲ್ಲಿ ಮೈಟೋಕಾಂಡ್ರಿಯವೆಂಬ ಕಣಗಳಿದ್ದು, ಅವುಗಳಲ್ಲಿ ೧೬,೫೬೯ ಅಕ್ಷರಗಳ ಪುಟ್ಟ ಲಿಪಿಯಿದೆ. ಅದು ತಾಯಿಯಿಂದ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬರುತ್ತದೆ. ಆದರೆ ಮುಂದಕ್ಕೆ ಕೊಡುವವಳು ಹೆಣ್ಣು ಮಾತ್ರ. ತರ್ಪಣದಲ್ಲಿ ನಿಂತುಹೋದ ಆ ಹೆಣ್ಣಿನ ಸಾಲನ್ನು ಈ ಕಣಗಳು ಮರೆಯದೆ ಬರೆದಿಟ್ಟುಕೊಂಡಿವೆಯೆಂಬುದು ಚಿಂತನೀಯವಾದ ವಿಷಯ. ಮೂರನೆಯದು ಉಳಿದ ವರ್ಣತಂತುಗಳ ಪರೀಕ್ಷೆ; ಇದು ಎಲ್ಲ ಕಡೆಯ ನಂಟರನ್ನೂ ತೋರಿಸುತ್ತದೆ, ಆದರೆ ಬಹಳ ದೂರ ಹೋಗಲಾರದು. ತಂದೆಯಿಂದ ಅರ್ಧ, ತಾತನಿಂದ ಸುಮಾರು ಕಾಲು, ಮುತ್ತಾತನಿಂದ ಸುಮಾರು ಅರೆಕಾಲು ಎಂದು ಅಂಶವು ಇಳಿಯುತ್ತ ಹೋಗುತ್ತದೆ.

ಒಂದು ಲೆಕ್ಕವನ್ನು ನೋಡಿರಿ. ನಮಗೆ ತಾಯಿತಂದೆ ಇಬ್ಬರು, ಅವರ ತಾಯಿತಂದೆಗಳು ನಾಲ್ವರು, ಅವರ ಹಿಂದೆ ಎಂಟು ಜನ. ಹತ್ತು ತಲೆ ಹಿಂದಕ್ಕೆ ಹೋದರೆ ೧,೦೨೪ ಸ್ಥಾನಗಳು. ಅವರಲ್ಲಿ ಅನೇಕರ ಒಂದು ತುಣುಕು ಡಿ.ಎನ್.ಎ.ಯೂ ನಮ್ಮಲ್ಲಿ ಉಳಿದಿರುವುದಿಲ್ಲ. ಇಪ್ಪತ್ತು ತಲೆಗೆ ೧೦,೪೮,೫೭೬. ವಿಜ್ಞಾನೇಶ್ವರನ ಕಾಲಕ್ಕೆ ಹೋಗಲು ಮೂವತ್ತು ತಲೆಗಳಷ್ಟು ಬೇಕು. ಆಗ ೧೦೭ ಕೋಟಿಗೂ ಮೀರುತ್ತದೆ. ಅಷ್ಟು ಜನರು ಆಗ ಭೂಮಂಡಲದಲ್ಲಿಯೇ ಇರಲಿಲ್ಲ! ಎಂದಮೇಲೆ ಒಬ್ಬನೇ ಪೂರ್ವಿಕನು ನಮ್ಮ ವೃಕ್ಷದಲ್ಲಿ ಹಲವು ಕೊಂಬೆಗಳ ಮೇಲೆ ಕುಳಿತಿರಲೇಬೇಕು. ಸೋದರಮಾವನಿಗೆ ಹೆಣ್ಣು ಕೊಟ್ಟ ಮನೆಯಲ್ಲಿ ಇದು ಕಣ್ಣೆದುರಿಗೇ ಕಾಣುತ್ತದೆ. ಅಲ್ಲಿ ಹುಟ್ಟಿದ ಮಗುವಿಗೆ ತಂದೆಯ ತಾಯಿತಂದೆಗಳು ಅಜ್ಜ ಅಜ್ಜಿಯರೂ ಹೌದು, ತಾಯಿಯ ಕಡೆಯಿಂದ ಮುತ್ತಜ್ಜ ಮುತ್ತಜ್ಜಿಯರೂ ಹೌದು. ಎಲ್ಲರೂ ಎಲ್ಲರಿಗೂ ಸಪಿಂಡರಾದಾರೆಂದು ವಿಜ್ಞಾನೇಶ್ವರನು ಎತ್ತಿದ ಆಕ್ಷೇಪವು ಹೀಗೆ ಗಣಿತದಿಂದಲೂ ಸಿದ್ಧವಾಗುತ್ತದೆ.

ಒಬ್ಬ ಅರಸನ ಎಲುಬು

ಕಾಗದದ ವಂಶಾವಳಿಯನ್ನೂ ದೇಹದ ಲಿಪಿಯನ್ನೂ ಎದುರುಬದುರು ನಿಲ್ಲಿಸಿ ನೋಡಿದ ಪ್ರಸಿದ್ಧವಾದ ಉದಾಹರಣೆ ಇಂಗ್ಲೆಂಡಿನದು. ಅಲ್ಲಿಯ ಮೂರನೆಯ ರಿಚರ್ಡ್ ಎಂಬ ಅರಸನು ೧೪೮೫ನೆಯ ಆಗಸ್ಟ್ ೨೨ರಂದು ಬಾಸ್ವರ್ತ್ ಕಾಳಗದಲ್ಲಿ ಮಡಿದನು. ಲೆಸ್ಟರ್ ಪಟ್ಟಣದ ಸನ್ಯಾಸಿಗಳ ಮಠದಲ್ಲಿ ಆತನನ್ನು ಹೂಳಿದ್ದರು. ಕಾಲಾಂತರದಲ್ಲಿ ಮಠ ಅಳಿದು, ಆ ನೆಲವು ಮೋಟಾರುಗಳನ್ನು ನಿಲ್ಲಿಸುವ ಅಂಗಳವಾಯಿತು. ೨೦೧೨ರಲ್ಲಿ ಅದನ್ನು ಅಗೆದಾಗ ಬೆನ್ನುಮೂಳೆ ಡೊಂಕಾದ ಅಸ್ಥಿಪಂಜರವೊಂದು ದೊರೆಯಿತು. ಡಿ.ಎನ್.ಎ.ಯಿಂದ ಮನುಷ್ಯನ ಗುರುತು ಹಿಡಿಯುವ ಬಗೆಯನ್ನು ಅಲೆಕ್ ಜೆಫ್ರೀಸ್ ಎಂಬ ವಿದ್ವಾಂಸರು ೧೯೮೪ರಲ್ಲಿ ಕಂಡುಹಿಡಿದದ್ದೂ ಇದೇ ಲೆಸ್ಟರಿನ ವಿಶ್ವವಿದ್ಯಾನಿಲಯದಲ್ಲಿ. ಕಾಕತಾಳೀಯವೆಂದರೆ ಇದೇ.

ರಿಚರ್ಡನಿಗೆ ಸಂತತಿ ಉಳಿಯಲಿಲ್ಲ. ಆದುದರಿಂದ ಆತನ ಸೋದರಿ ಆನ್ ಎಂಬಾಕೆಯಿಂದ ತಾಯಿಮಗಳ ಸಾಲನ್ನು ಹಿಡಿದು, ಕಾಗದಪತ್ರಗಳ ಸಹಾಯದಿಂದ ೫೦೦ ವರ್ಷಗಳಷ್ಟು ಕೆಳಕ್ಕೆ ಇಳಿದು ಬಂದರು. ಹಾಗೆ ದೊರೆತವರಲ್ಲಿ ಮೈಕಲ್ ಇಬ್ಸೆನ್ ಎಂಬವರು ಕೆನಡಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಮರದ ಪೀಠೋಪಕರಣಗಳನ್ನು ಮಾಡುವವರು. ಅವರ ಮೈಟೋಕಾಂಡ್ರಿಯದ ಲಿಪಿಯೂ ಎಲುಬಿನದೂ ಹೊಂದಿಕೊಂಡವು. ಅರಸನ ಸಾಕ್ಷಿಯನ್ನು ಒಬ್ಬ ಬಡಗಿಯು ತನ್ನ ದೇಹದಲ್ಲಿ ಹೊತ್ತಿದ್ದನು! ಗಂಡಿನ ಸಾಲಿನ ಫಲ ಮಾತ್ರ ಬೇರೆಯಾಯಿತು. ರಿಚರ್ಡನೂ ಬೋಫೋರ್ಟ್ ಮನೆತನದವರೂ ಮೂರನೆಯ ಎಡ್ವರ್ಡ್ ಅರಸನ ಗಂಡುಸಂತತಿಯೆಂದು ವಂಶಾವಳಿಯಲ್ಲಿದೆ. ಆ ಮನೆತನದ ಈಗಿನ ಐವರ ‘ವೈ’ ತಂತುವನ್ನು ಪರೀಕ್ಷಿಸಿದಾಗ ಒಬ್ಬರದೂ ಅರಸನದರೊಡನೆ ಹೊಂದಲಿಲ್ಲ. ಐವರೊಳಗೇ ಒಬ್ಬರದು ಉಳಿದ ನಾಲ್ವರದಕ್ಕಿಂತ ಬೇರೆಯಾಗಿತ್ತು. ೨೦೧೪ರಲ್ಲಿ ಈ ಫಲವು ಪ್ರಕಟವಾಯಿತು. ಎಲ್ಲಿಯೋ ಎರಡೆಡೆಗಳಲ್ಲಿಯಾದರೂ ಕಾಗದದ ತಂದೆಯು ದೇಹದ ತಂದೆಯಾಗಿರಲಿಲ್ಲವೆಂದು ಇದರ ತಾತ್ಪರ್ಯ. ಇಷ್ಟಾದರೂ ಆ ಮನೆತನವು ಮನೆತನವಾಗಿಯೇ ಉಳಿಯಿತು. ಬರಹವು ಭದ್ರವಾಗಿದ್ದ ಅರಸುಮನೆಗಳಲ್ಲಿಯೇ ಹೀಗಿದ್ದರೆ ಸಾಮಾನ್ಯರ ಮಾತೇನು?

ನಮ್ಮ ನಾಡಿನ ಸಂಗತಿ

ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ಲಾಲ್‌ಜಿ ಸಿಂಗ್, ತಂಗರಾಜ್ ಮೊದಲಾದವರು ಅಮೆರಿಕದ ವಿದ್ವಾಂಸರೊಡನೆ ಸೇರಿ ೨೦೦೯ರಲ್ಲಿಯೂ ೨೦೧೩ರಲ್ಲಿಯೂ ಪ್ರಕಟಿಸಿದ ಸಂಶೋಧನೆಗಳು ನಮ್ಮ ಕುಲಾಭಿಮಾನಕ್ಕೆ ಒಳ್ಳೆಯ ಔಷಧಿಯಾಗಿವೆ. ಭಾರತದ ಬಹುತೇಕ ಎಲ್ಲ ಸಮುದಾಯಗಳೂ ಎರಡು ಪ್ರಾಚೀನ ಜನಮೂಲಗಳ ಬೆರಕೆ; ಈ ಬೆರಕೆಯು ಸುಮಾರು ೪,೨೦೦ ವರ್ಷಗಳಿಂದ ೧,೯೦೦ ವರ್ಷಗಳ ಹಿಂದಿನ ವರೆಗೆ ನಡೆಯಿತು; ಆಮೇಲೆ ಒಳಗೊಳಗೇ ಮದುವೆಯಾಗುವ ರೂಢಿ ಬಲಿಯಿತು. ಬೆರಕೆಯ ಪ್ರಮಾಣ ಹೆಚ್ಚುಕಡಮೆಯಿರಬಹುದು. ಬೆರಕೆಯೇ ಇಲ್ಲದ ಕುಲವನ್ನು ಕಾಣುವುದು ಕಷ್ಟ. ಗೋತ್ರವು ರಕ್ತದ ನಿಶ್ಚಿತ ಗುರುತೆಂದು ತಿಳಿಯುವವರಿಗೆ ಮಿತಾಕ್ಷರೆಯೇ ಉತ್ತರ ಕೊಡುತ್ತದೆ: ಕ್ಷತ್ರಿಯರಿಗೂ ವೈಶ್ಯರಿಗೂ ಪುರೋಹಿತನ ಗೋತ್ರಪ್ರವರಗಳನ್ನೇ ಹೇಳಬೇಕೆಂದು ಅಲ್ಲಿದೆ.

ಬರಹವೇ ಇಲ್ಲದವರಿಗೆ ಈ ಪರೀಕ್ಷೆಯು ಮಾಡಿದ ಉಪಕಾರ ದೊಡ್ಡದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡುಗಳಲ್ಲಿ ಸಿದ್ದಿಗಳಿದ್ದಾರೆ. ಅವರ ಹಿರಿಯರಲ್ಲಿ ಅನೇಕರನ್ನು ಪೋರ್ಚುಗೀಸರೇ ಮೊದಲಾದವರು ಆಫ್ರಿಕದಿಂದ ಗುಲಾಮರನ್ನಾಗಿ ತಂದರು. ಗುಲಾಮನ ವಂಶಾವಳಿಯನ್ನು ಯಾವ ಒಡೆಯನೂ ಬರೆದಿಡಲಿಲ್ಲ. ಕರ್ನಾಟಕದ ಮತ್ತು ಗುಜರಾತಿನ ಸಿದ್ದಿಗಳನ್ನು ಕುರಿತು ೨೦೧೧ರಲ್ಲಿ ಪ್ರಕಟವಾದ ಅಧ್ಯಯನವು, ಅವರ ಪೂರ್ವಿಕರಲ್ಲಿ ಹೆಚ್ಚಿನವರು ಆಫ್ರಿಕದ ಬಾಂಟು ಜನರ ನಂಟರೆಂದೂ, ಸುಮಾರು ಎಂಟು ತಲೆಗಳ ಹಿಂದೆ ಇಲ್ಲಿಯ ಜನರೊಡನೆ ಬೆರೆತರೆಂದೂ ತೋರಿಸಿತು. ಯಾರೂ ಬರೆಯದ ಚರಿತ್ರೆಯನ್ನು ಅವರ ದೇಹವೇ ಕಾಪಾಡಿಕೊಂಡು ಬಂದಿತ್ತು.

ಆರೋಗ್ಯದ ಪ್ರಯೋಜನವೂ ಉಂಟು. ಕೆಲವೇ ಪೂರ್ವಿಕರಿಂದ ಬೆಳೆದು ಒಳಗೊಳಗೇ ಮದುವೆಯಾದ ಸಮುದಾಯಗಳಲ್ಲಿ ಯಾವುದಾದರೊಂದು ದೋಷವು ಹೆಚ್ಚಾಗಿ ಕಾಣಿಸಿಕೊಳ್ಳಬಹುದು. ದಕ್ಷಿಣದ ವೈಶ್ಯ ಸಮುದಾಯದ ಕೆಲವರಿಗೆ, ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಸ್ನಾಯುಗಳನ್ನು ಸಡಿಲಿಸಲು ಕೊಡುವ ಒಂದು ಔಷಧಿಯ ಪ್ರಭಾವ ಬೇಗನೆ ಇಳಿಯುವುದಿಲ್ಲವೆಂದು ವೈದ್ಯರು ಕಂಡುಕೊಂಡಿದ್ದಾರೆ. ಇದನ್ನು ಮೊದಲೇ ತಿಳಿಸಿದರೆ ಬೇರೆ ಔಷಧಿಯನ್ನು ಬಳಸುವರು. ಇಂಥ ಕಡೆ ವಂಶದ ಅರಿವು ಜೀವವನ್ನು ಉಳಿಸುತ್ತದೆ.

ದತ್ತುಮನೆಯ ಪ್ರಶ್ನೆ

ನನಗೆ ಪರಿಚಿತವಾದ ಮನೆಯೊಂದರಲ್ಲಿ ನಡೆದುದನ್ನು ಆ ಮನೆಯವರ ಅನುಮತಿಯಿಂದ, ಹೆಸರೂರುಗಳನ್ನು ಬಿಟ್ಟು, ಇಲ್ಲಿ ಹೇಳುತ್ತೇನೆ. ಯಜಮಾನರಿಗೆ ಎಪ್ಪತ್ತು ವರ್ಷ. ಅವರ ಮಗನು ಹೊರದೇಶದಲ್ಲಿ ಡಿ.ಎನ್.ಎ. ಪರೀಕ್ಷೆ ಮಾಡಿಸಿಕೊಂಡನು. ಯಜಮಾನರ ಸೋದರತ್ತೆಯ ಮೊಮ್ಮಗಳೂ ಮಾಡಿಸಿಕೊಂಡಳು. ಇಬ್ಬರ ಫಲದಲ್ಲಿ ಒಂದೆಳೆಯ ಹೋಲಿಕೆಯೂ ಕಾಣಲಿಲ್ಲ. ಅಷ್ಟು ಹತ್ತಿರದ ನಂಟರಲ್ಲಿ ಹೀಗಾಗಲಾರದು. ವಿಚಾರಿಸಿದಾಗ ತೊಂಬತ್ತು ವರ್ಷದ ಆ ಸೋದರತ್ತೆಯು ಯಾವ ಕೋಲಾಹಲವೂ ಇಲ್ಲದೆ ಸಂಗತಿಯನ್ನು ಹೇಳಿದರು. ಯಜಮಾನರ ತಂದೆಯು ಆ ಮನೆಗೆ ದತ್ತು ಬಂದವರು. ದತ್ತಕಹೋಮವಾದ ಮೂರು ವರ್ಷಕ್ಕೆ ಈ ಮಗಳು ಹುಟ್ಟಿದಳು. ಹಿರಿಯರು ಹುಡುಗನ ಮನಸ್ಸು ನೋಯಬಾರದೆಂದು ಆ ಮಾತನ್ನು ಮತ್ತೆ ಎತ್ತಲಿಲ್ಲ. ಹಾಗೆಯೇ ಅದು ಮುಚ್ಚಿಹೋಯಿತು.

ಯಜಮಾನರು ನನ್ನಲ್ಲಿಗೆ ಬಂದರು. “ಮೇಷ್ಟರೆ, ನಲವತ್ತು ವರ್ಷಗಳಿಂದ ತಾತ, ಮುತ್ತಾತ ಎಂದು ಹೆಸರು ಹೇಳಿ ಪಿಂಡವಿಟ್ಟಿದ್ದೇನೆ. ಅದು ಯಾರಿಗೆ ಸೇರಿತು?” ಎಂದು ಕೇಳಿದರು. ಅವರ ದನಿ ನಡುಗುತ್ತಿತ್ತು. ಹೆಸರು, ಮನೆ, ಗೋತ್ರ, ಎಲ್ಲವೂ ಎರವಲೆಂಬ ಭಾವನೆ ಅವರನ್ನು ಹಿಡಿದಿತ್ತು.

ದತ್ತುಹೋದ ಮಗನಿಗೆ ಹೆತ್ತವನ ಗೋತ್ರವೂ ದಾಯವೂ ಸಲ್ಲುವುದಿಲ್ಲವೆಂದು ಮನುಸ್ಮೃತಿಯು ಹೇಳಿರುವುದನ್ನು ನಾನು ಅವರಿಗೆ ತೋರಿಸಿದೆನು. ೧೯೫೬ರ ದತ್ತಕ ಶಾಸನವು ಅದನ್ನೇ ಇನ್ನಷ್ಟು ಸ್ಪಷ್ಟಪಡಿಸಿದೆ: ದತ್ತುವಾದ ದಿನದಿಂದ ಆ ಮಗುವು ಸ್ವೀಕರಿಸಿದ ಮನೆಯ ಮಗುವೇ, ಆದರೆ ಹುಟ್ಟಿದ ಮನೆಯಲ್ಲಿ ಯಾರನ್ನು ಮದುವೆಯಾಗಬಾರದಾಗಿತ್ತೋ ಅವರನ್ನು ದತ್ತುಹೋದ ಮೇಲೂ ಮದುವೆಯಾಗಬಾರದು. ದೇಹದ ನಂಟಿಗೆ ಎಲ್ಲಿ ಬೆಲೆಯೋ ಅಲ್ಲಿ ಅದನ್ನು ಉಳಿಸಿ, ಮನೆಯ ನಂಟಿಗೆ ಎಲ್ಲಿ ಬೆಲೆಯೋ ಅಲ್ಲಿ ಅದನ್ನ ಕೊಟ್ಟ ಈ ನಿಯಮದಲ್ಲಿ ಎಷ್ಟು ವಿವೇಕವಿದೆ! ವಿಜ್ಞಾನೇಶ್ವರನ ಪಿಂಡವೂ ಜೀಮೂತವಾಹನನ ಪಿಂಡವೂ ಇಲ್ಲಿ ಜಗಳವಾಡದೆ ಪಕ್ಕಪಕ್ಕದಲ್ಲಿ ಕುಳಿತಿವೆ. ಸಾಕಿ ಸಲಹಿ ಹೆಸರು ಕೊಟ್ಟವರಿಗೆ ಇಟ್ಟ ಪಿಂಡವು ಅವರಿಗೇ ಸೇರಿತೆಂದು ನಾನು ಹೇಳಿದೆನು.

ಆದರೆ ಅವರ ಮನಸ್ಸಿಗೆ ಶಾಂತಿಯನ್ನು ತಂದದ್ದು ನನ್ನ ಶಾಸ್ತ್ರವಲ್ಲ. ಆ ವೃದ್ಧೆಯ ಮಾತು. “ಅವನು ನನ್ನ ಅಣ್ಣ ಅಲ್ಲದಿದ್ದರೆ ಅರುವತ್ತು ವರ್ಷ ಗೌರಿಹಬ್ಬಕ್ಕೆ ತಪ್ಪದೆ ನನಗೆ ಬಾಗಿನ ಕಳಿಸಿದವನು ಯಾರೋ, ಮಗು?” ಎಂದರಂತೆ. ಇದಕ್ಕೆ ಉತ್ತರ ಕೊಡುವ ಪರೀಕ್ಷಾಲಯ ಯಾವುದಿದೆ? ಮುಂದೆ ಆ ಮಗನು ಅದೇ ಪರೀಕ್ಷೆಯ ಪಟ್ಟಿಯಿಂದಲೇ ತನ್ನ ತಾತನು ಹುಟ್ಟಿದ ಮನೆಯವರನ್ನು ಕಂಡುಹಿಡಿದನು. ಈಗ ಎರಡು ಮನೆಯವರೂ ಹಬ್ಬಹುಣ್ಣಿಮೆಗಳಲ್ಲಿ ಹೋಗಿಬಂದು ಮಾಡುತ್ತಾರೆ.

ಎಲ್ಲ ಮನೆಗಳಲ್ಲಿಯೂ ಕಥೆ ಹೀಗೆ ಶುಭವಾಗಿ ಮುಗಿಯುವುದಿಲ್ಲ. ಮುಚ್ಚಿಹೋದ ಸಂಗತಿಯೆಲ್ಲವೂ ದತ್ತಕದಂತೆ ಗೌರವದ್ದಾಗಿರುವುದಿಲ್ಲ; ಜೀವಂತವಾಗಿರುವ ಹೆಂಗಸೊಬ್ಬಳ ಮಾನವೂ ಮಗುವೊಂದರ ಬಾಳೂ ಅದರಿಂದ ಕದಡಿಹೋಗಬಹುದು. ನಮ್ಮ ಕಾಯಿದೆಯು ಇದನ್ನು ಬಲ್ಲದು. ದಾಂಪತ್ಯವಿರುವಾಗ ಹುಟ್ಟಿದ ಮಗುವು ಆ ಗಂಡನದೇ ಎಂಬುದನ್ನು ನಿರ್ಣಾಯಕ ಪ್ರಮಾಣವಾಗಿ ಸ್ವೀಕರಿಸಬೇಕೆಂಬ ಹಳೆಯ ನಿಯಮವು ೨೦೨೪ನೆಯ ಜುಲೈಯಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಮುಂದುವರಿದಿದೆ. ಮಕ್ಕಳನ್ನು ಯಾಂತ್ರಿಕವಾಗಿ ಡಿ.ಎನ್.ಎ. ಪರೀಕ್ಷೆಗೆ ಗುರಿಪಡಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೩ರಲ್ಲಿ ತೀರ್ಪು ಕೊಟ್ಟಿದೆ.

ಗೃಹಸ್ಥರು ಮಾಡತಕ್ಕದ್ದು

ಪರೀಕ್ಷೆ ಮಾಡಿಸಬೇಕೆಂದಿರುವವರು ಮೂರು ವಿಷಯಗಳನ್ನು ಮನಸ್ಸಿನಲ್ಲಿಟ್ಟಿರಬೇಕು. ಮೊದಲನೆಯದು, ಒಬ್ಬರು ಎಂಜಲು ಕೊಟ್ಟರೂ ಬಯಲಾಗುವುದು ಒಡಹುಟ್ಟಿದವರ, ಮಕ್ಕಳ ಗುಟ್ಟೂ ಹೌದು. ಆದಕಾರಣ ಮನೆಯವರನ್ನು ಕೇಳಿಯೇ ಮುಂದುವರಿಯುವುದು ಧರ್ಮ. ಎರಡನೆಯದು, ಹೀಗೆ ಕೊಟ್ಟ ಲಿಪಿಯು ಮಾರಾಟಗಾರರ ಕೈಯಲ್ಲಿರುತ್ತದೆ. ೨೦೦೬ರಲ್ಲಿ ಹುಟ್ಟಿದ ಅಮೆರಿಕದ ‘೨೩ ಅಂಡ್ ಮಿ’ ಎಂಬ ಹೆಸರಾಂತ ಕಂಪನಿಯಿಂದ ೨೦೨೩ರಲ್ಲಿ ಸುಮಾರು ೬೯ ಲಕ್ಷ ಜನರ ವಿವರಗಳು ಕಳ್ಳರ ಪಾಲಾದವು. ೨೦೨೫ನೆಯ ಮಾರ್ಚಿಯಲ್ಲಿ ಆ ಕಂಪನಿಯು ದಿವಾಳಿಗೆ ಅರ್ಜಿ ಹಾಕಿತು. ಗುಪ್ತಪದ ಕಳೆದರೆ ಬದಲಾಯಿಸಬಹುದು. ದೇಹದ ಲಿಪಿಯನ್ನು ಬದಲಾಯಿಸುವಂತಿಲ್ಲ. ಮೂರನೆಯದು, ಇಂಥ ದೇಶದ ಅಂಶ ಶೇಕಡ ಇಷ್ಟು ಎಂಬ ಲೆಕ್ಕವು ಆ ಕಂಪನಿಯ ಬಳಿ ಹೋಲಿಕೆಗೆ ಯಾರ ಯಾರ ಮಾದರಿಗಳಿವೆಯೆಂಬುದನ್ನು ಅವಲಂಬಿಸಿದ ಅಂದಾಜು. ಮಾದರಿಗಳು ಹೆಚ್ಚಿದರೆ, ಎಂಜಲು ಅದೇ ಆದರೂ ಶೇಕಡ ಬದಲಾಗುತ್ತದೆ. ಸೋದರಿಕೆಯ ಮದುವೆಗಳು ನಡೆದ ಮನೆತನದವರಲ್ಲಿ ಹಂಚಿಕೊಂಡ ಅಂಶವು ಹೆಚ್ಚಾಗಿರುವುದರಿಂದ ದೂರದ ನಂಟನು ಹತ್ತಿರದವನಂತೆ ಕಾಣುವುದೂ ಉಂಟು.

ಇವೆಲ್ಲಕ್ಕಿಂತ ತ್ವರೆಯಾದ ಕೆಲಸ ಬೇರೆಯಿದೆ. ಡಿ.ಎನ್.ಎ.ಯು ಇನ್ನೂ ಹತ್ತು ವರ್ಷ ಕಾಯಬಲ್ಲದು. ಲೆಸ್ಟರಿನ ಎಲುಬಿನಲ್ಲಿ ೫೦೦ ವರ್ಷಕ್ಕೂ ಮೇಲೆ ಕಾದಿತ್ತು. ತೊಂಬತ್ತು ವರ್ಷದ ಅಜ್ಜಿಯ ನೆನಪು ಕಾಯಲಾರದು. ಮನೆಗೆ ಒಂದು ಗಟ್ಟಿ ರಟ್ಟಿನ ಪುಸ್ತಕವನ್ನು ತನ್ನಿರಿ. ನಿಮ್ಮಿಂದಲೇ ಆರಂಭಿಸಿ ಹಿಂದಕ್ಕೆ ಹೋಗಿರಿ. ಪ್ರತಿಯೊಬ್ಬರ ಹೆಸರು, ಹುಟ್ಟಿದ ಊರು, ತೌರುಮನೆ, ತಿಥಿ, ಸಂವತ್ಸರ, ಮತ್ತು ಇದನ್ನು ಹೇಳಿದವರು ಯಾರು, ಎಂದು ಹೇಳಿದರು ಎಂಬುದನ್ನು ಬರೆಯಿರಿ. ಪ್ರಭವ, ವಿಭವ ಎಂಬ ಸಂವತ್ಸರದ ಹೆಸರು ಅರುವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ, ಆಗ ಮನೆಯಲ್ಲಿ ಯಾರು ಬದುಕಿದ್ದರು, ಪ್ಲೇಗು ಬಂದಿತ್ತೆ, ಊರು ಬಿಟ್ಟಿದ್ದರೆ ಎಂದು ಕೇಳಿ ಇಸವಿಯನ್ನು ಗೊತ್ತುಮಾಡಿರಿ. ಇಬ್ಬರು ಎರಡು ಬಗೆಯಾಗಿ ಹೇಳಿದರೆ ಎರಡನ್ನೂ ಬರೆಯಿರಿ. ದತ್ತು ಬಂದವರನ್ನು ದತ್ತುವೆಂದು ಮರೆಮಾಚದೆ ಬರೆಯಿರಿ. ಅದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಎಳೆಯದರಲ್ಲಿ ತೀರಿಹೋದ ಮಕ್ಕಳನ್ನೂ, ಮಕ್ಕಳಿಲ್ಲದೆ ಹೋದ ಅತ್ತೆ ಚಿಕ್ಕಮ್ಮಂದಿರನ್ನೂ ಬಿಡಬೇಡಿರಿ. ಅವರ ಹೆಸರನ್ನು ಯಾವ ಪರೀಕ್ಷೆಯೂ ಹಿಂದಕ್ಕೆ ತಂದುಕೊಡಲಾರದು.

ಮೊದಲ ಪುಟದಲ್ಲಿಯೇ ತಾಯಿಯ ತಾಯಿಯ ತಾಯಿಯ ಹೆಸರಿಗೆ ಒಂದು ಸಾಲನ್ನು ಬಿಟ್ಟಿರಿ. ಎಷ್ಟೋ ಮನೆಗಳಲ್ಲಿ ಆ ಸಾಲು ತುಂಬುವುದಿಲ್ಲ. ತುಂಬಬಲ್ಲವರು ಮನೆಯಲ್ಲಿ ಇನ್ನೂ ಒಬ್ಬರಿದ್ದರೆ, ಈ ಪತ್ರಿಕೆಯನ್ನು ಕೆಳಗಿಟ್ಟು ಈಗಲೇ ಹೋಗಿ ಅವರ ಪಕ್ಕದಲ್ಲಿ ಕುಳಿತು ಕೇಳಿರಿ.